ಬನ್ನಿ ಮರದ ಬಾನಿ

ಮರುಭೂಮಿಗೆ ಬಂದ ಒಂಬತ್ತನೇ ದಿನಕ್ಕೇ ಮುರಿಗೆಪ್ಪ ಊರಿಗೆ ಹೋಗಲು ಗಂಟು ಕಟ್ಟಿದ. ಕಟ್ಟಿದವನು ಸ್ವಲ್ಪ ಹೊತ್ತಿಗೆ ಬಿಚ್ಚಿದ. ಹತ್ತನೇ ದಿನ ಮತ್ತೆ ಕಟ್ಟಿದ.

ಗಂಟಿನಲ್ಲಿ ಇದ್ದದ್ದಾದರೂ ಏನು? ಎರಡು ಪಂಚೆ, ಒಂದು ಕಂಬಳಿ, ಒಂದು ವಿಭೂತಿ ಗಟ್ಟಿ. ಅಷ್ಟಕ್ಕೆ ಅಷ್ಟೊಂದು ಒದ್ದಾಟ.

ಅವನ ಗುರು ಸಂಗಯ್ಯಜ್ಜ ಹೊರಸಿನ ಮೇಲೆ ಕೂತು ಆ ಸದ್ದನ್ನೆಲ್ಲ ಕೇಳುತ್ತಿದ್ದರು. ಅಜ್ಜನಿಗೆ ಎಂಬತ್ತರ ಹತ್ತಿರ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

“ಕಟ್ಟಿದ್ಯೋ, ಬಿಚ್ಚಿದ್ಯೋ?” ಎಂದು ಕೇಳಿದರು.

“ಬಿಚ್ಚೀನ್ರಿ ಅಜ್ಜಾರ.”

“ಚಲೋ ಆತು. ರೊಟ್ಟಿ ಬಡಿ.”

ಇಲ್ಲಿ ಇರಲಾರ, ಈ ಮುದುಕರನ್ನು ಒಬ್ಬರನ್ನೇ ಬಿಟ್ಟು ಹೋಗಲಾರ. ಅದೇ ಅವನ ಕಷ್ಟ.

ಮಲಪ್ರಭೆಯ ದಂಡೆಯ ಮೇಲೆ ಅವರ ಆಶ್ರಮ ಇತ್ತು. ಬರಬರುತ್ತ ಜನ ಹೆಚ್ಚಾದರು, ಹಾರ ತುರಾಯಿ ಹೆಚ್ಚಾದವು. ಒಂದು ದಿನ ಅಜ್ಜ, “ನಾ ಇನ್ನ ಒಣ ಸೀಮಿಗೆ ಹೋಗಾಂವ” ಅಂದುಬಿಟ್ಟರು. ಹರೆಯದಲ್ಲಿ ಊರೂರು ಅಲೆಯುತ್ತಿದ್ದಾಗ ಅವರು ದೂರದ ಬಡಗಣ ದಿಕ್ಕಿನ ಈ ಮರಳುಗಾಡಿನಲ್ಲಿ ಕೆಲವು ಕಾಲ ಇದ್ದರು. ಇಲ್ಲಿಯ ಮಾತೂ ಅವರಿಗೆ ಬರುತ್ತಿತ್ತು.

ಉಳಿದ ಶಿಷ್ಯರೆಲ್ಲ ನೆಲ ನೋಡಿದರು. ಮುರಿಗೆಪ್ಪ ಒಬ್ಬನೇ ಎದೆ ತಟ್ಟಿಕೊಂಡ.

“ಹನ್ನೊಂದು ವರ್ಷ ನಿಮ್ಮ ಪಾದ ಬಿಟ್ಟಿಲ್ಲ ನಾನು. ಬೆಂಕಿಯೊಳಗ ಕರದ್ರೂ ಬರ್ತೀನ್ರಿ.”

ಬೆಂಕಿಯಾಗಿದ್ದರೆ ನಿಜಕ್ಕೂ ಬರುತ್ತಿದ್ದನೇನೋ. ಇಲ್ಲಿ ಇದ್ದದ್ದು ಹಾವು.

ಅವರಿದ್ದ ಗುಡಿಸಲು ಜೇಠಾರಾಮ ಎಂಬ ಒಂಟೆಯವನದು. ಹತ್ತು ದಿನಕ್ಕೊಮ್ಮೆ ಒಂಟೆಯ ಮೇಲೆ ನೀರು, ಹಿಟ್ಟು ತಂದುಕೊಡುತ್ತೇನೆ ಎಂದು ಅವನು ಒಪ್ಪಿಕೊಂಡಿದ್ದ. ಬಾಡಿಗೆ ಬೇಡ ಅಂದಿದ್ದ. ಅವನ ಕರಾರು ಒಂದೇ.

ಗುಡಿಸಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಬನ್ನಿ ಮರ. ಅದರ ಬುಡದಲ್ಲಿ ಅವನ ಮುತ್ತಜ್ಜ ಇಟ್ಟ ಒಂದು ಕಲ್ಲಿನ ಬಾನಿ. ಗುಡಿಸಲಲ್ಲಿ ಯಾರೇ ಇರಲಿ, ದಿನಾ ಸಂಜೆ ಎರಡು ತಂಬಿಗೆ ನೀರು ಒಯ್ದು ಆ ಬಾನಿಗೆ ಹಾಕಬೇಕು. ಹಕ್ಕಿಯೋ ನರಿಯೋ ಜಿಂಕೆಯೋ ಬಂದು ಕುಡಿದು ಹೋಗುತ್ತವೆ. ಸುತ್ತ ಎರಡು ಹರದಾರಿಯಲ್ಲಿ ಬೇರೆ ನೀರಿಲ್ಲ.

“ಅದೇನು ದೊಡ್ಡ ಕೆಲಸ” ಅಂದಿದ್ದ ಮುರಿಗೆಪ್ಪ.

ಮೊದಲ ಸಂಜೆ ತಂಬಿಗೆ ಹಿಡಿದು ಹೋದ. ಅರ್ಧ ಹಾದಿಯಲ್ಲಿ ಮರಳಿನ ಮೇಲೆ ಅಡ್ಡಡ್ಡ ಗೆರೆಗಳು. ಗೆರೆ ಮುಗಿದಲ್ಲಿ ಒಂದು ಸಣ್ಣ ಮಂಡಲದ ಹಾವು ಸುತ್ತಿಕೊಂಡು, ಮೈಗೆ ಮೈ ಉಜ್ಜಿ ಗರಗಸ ಎಳೆದ ಹಾಗೆ ಸದ್ದು ಮಾಡುತ್ತಿತ್ತು. ಅವನ ಜೀವ ಬಾಯಿಗೆ ಬಂತು. ಹೇಗೋ ಬಳಸಿಕೊಂಡು ಹೋಗಿ, ನೀರು ಸುರಿದು, ಓಡಿಬಂದ.

ಮರುದಿನದಿಂದ ಅವನು ಬಾನಿಯ ಕಡೆ ಹೋಗಲೇ ಇಲ್ಲ.

ಹಾಗಾದರೆ ಆ ಎರಡು ತಂಬಿಗೆ ನೀರು? ಹೇಳಿಕೇಳಿ ಹೊಳೆ ದಂಡೆಯವನು. ಅಂಗಳಕ್ಕೆ ನೀರು ಬೀಳದ ಮನೆ ಅವನ ಕಣ್ಣಿಗೆ ಹಾಳುಮನೆ. ಬಾಗಿಲ ಮುಂದೆ ನೀರು ಚಿಮುಕಿಸಿ ಅಚ್ಚುಕಟ್ಟಾಗಿ ತಳಿ ಹೊಡೆದ. ಕಾದ ಮರಳು ಚುಯ್ ಅಂದು ತಣ್ಣಗಾಯಿತು. ಹಸಿ ಮಣ್ಣಿನ ವಾಸನೆ ಎದ್ದಿತು. ಮಲಪ್ರಭೆಯೇ ಬಾಗಿಲಿಗೆ ಬಂದಂತಾಗಿ ಅವನ ಕಣ್ಣು ತುಂಬಿತು.

ಕಾಡಿನ ಪ್ರಾಣಿ ನನ್ನ ತಂಬಿಗೆ ನಂಬಿ ಹುಟ್ಟಿವೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಬಾನಿ ತುಂಬಿದ್ಯೇನಪಾ?” ಒಳಗಿನಿಂದ ಅಜ್ಜ ಕೇಳಿದರು.

“ತುಂಬೀನ್ರಿ ಅಜ್ಜಾರ.”

ಹನ್ನೊಂದು ವರ್ಷದಲ್ಲಿ ಅದು ಅವನು ಗುರುವಿಗೆ ಹೇಳಿದ ಮೊದಲ ಸುಳ್ಳು. ಎರಡನೆಯದು ಮರುದಿನ ಸಂಜೆ. ಅದು ಅಷ್ಟು ಕಷ್ಟವಾಗಲಿಲ್ಲ.

ಬಾಗಿಲಿಗೆ ಮೊದಲು ಬಂದವು ಇರುವೆ, ಜೀರುಂಡೆ. ಅವನ್ನು ತಿನ್ನಲು ಹಲ್ಲಿ, ಓತಿಕ್ಯಾತ. ನಾಲ್ಕನೇ ದಿನಕ್ಕೆ ಮರಳಿಲಿಗಳು ಗೋಡೆಯ ಬುಡದಲ್ಲೇ ಬಿಲ ತೋಡಿದವು. ಒಂದು ನರಿ ಬಂದು ಹಸಿ ಮರಳು ನೆಕ್ಕಿ, ಕೆದರಿ, ಹಿಟ್ಟಿನ ಡಬ್ಬಿ ಉರುಳಿಸಿ ಹೋಯಿತು. ಏಳನೇ ದಿನ ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಮಂಡಲದ ಹಾವು.

“ಅಜ್ಜಾರ, ಹಾವು ಬಂದೈತ್ರಿ. ಹೊಸ್ತಿಲ ಮ್ಯಾಲ.”

ಅಜ್ಜ ಕಾಲು ಎತ್ತಿಕೊಂಡು ಹೊರಸಿನ ಮೇಲೆ ಚಕ್ಕಂಬಕ್ಕಳ ಹಾಕಿದರು. “ನೀನೂ ಮ್ಯಾಲ ಬಾ. ಅದಕ್ಕ ಹಾದಿ ಬಿಡು.”

“ಬಡಿಗಿ ತರ್ತೀನ್ರಿ.”

“ಅದು ಬಂದದ್ದು ಇಲಿ ಸಲವಾಗಿ. ನೀ ಇಲಿ ಏನು?”

ಗುರು ಶಿಷ್ಯರಿಬ್ಬರೂ ಆ ಹೊರಸಿನ ಮೇಲೆ ಬಿಸಿಲೇರುವ ತನಕ ಕೂತರು. ಹಾವು ತನ್ನ ಪಾಡಿಗೆ ಒಂದು ಇಲಿ ಹಿಡಿದು, ನುಂಗಿ, ಬೇಲಿಯ ಕಡೆ ಹೋಯಿತು.

“ಇಷ್ಟ ದೊಡ್ಡ ಮರಳುಗಾಡು ಬಿದ್ದೈತಿ. ಇವೆಲ್ಲ ನಮ್ಮ ಬಾಗಲಿಗೇ ಯಾಕ ಬರ್ತಾವ್ರಿ?”

“ಕರದವರನ್ನ ಕೇಳಬೇಕು.”

“ಯಾರು ಕರದಾರ್ರಿ?”

ಅಜ್ಜ, “ರೊಟ್ಟಿ ಬಡಿ” ಅಂದರು.

ಅಂದಿನಿಂದ ಮುರಿಗೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಳ್ಳಿನ ಬೇಲಿಗೆ ಇನ್ನಷ್ಟು ಮುಳ್ಳು ತುಂಬಿದ. ಬಿಲಕ್ಕೆಲ್ಲ ಕಲ್ಲು ಜಡಿದ. ಬಿಂದಿಗೆಯ ಹಗ್ಗ ಕಾಲಿಗೆ ತಾಕಿದರೆ ಮಾರುದ್ದ ಹಾರಿದ. ಅಂಜಿದವನ ಮೇಲೆ ಕಪ್ಪೆ ಎಸೆದಂತೆ, ಅದೇ ಹೊತ್ತಿಗೆ ಸೂರಿನಿಂದ ಹಲ್ಲಿಯೊಂದು ಹೆಗಲ ಮೇಲೆ ಬಿತ್ತು. ಗಂಟು ಕಟ್ಟಲು, ಬಿಚ್ಚಲು ಶುರುಮಾಡಿದ್ದು ಆಮೇಲೆ.

ಆ ದಿಗಿಲಿನಲ್ಲಿ ಅವನಿಗಿದ್ದ ಒಂದೇ ನೆಮ್ಮದಿ ಸಂಜೆಯ ತಳಿ. ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೊಂದನೇ ದಿನ ಇಳಿಹೊತ್ತಿಗೆ ಜೇಠಾರಾಮ ಬಂದ. ಅವನ ಜೊತೆ ಹೊರಟೇ ಬಿಡುವುದು ಎಂದು ಮುರಿಗೆಪ್ಪ ಗಂಟನ್ನು ಬಾಗಿಲ ಬಳಿ ತಂದಿಟ್ಟಿದ್ದ.

ಜೇಠಾರಾಮ ಒಂಟೆಯ ಮೇಲಿನ ನೀರನ್ನು ಇಳಿಸಲಿಲ್ಲ. ಸುಮ್ಮನೆ ಬಂದು, ಹೆಗಲ ವಸ್ತ್ರದ ಗಂಟು ಬಿಚ್ಚಿ, ಅಜ್ಜನ ಅಂಗೈಯಲ್ಲಿ ಒಂದು ಸತ್ತ ಗೌಜಿಗ ಹಕ್ಕಿಯನ್ನು ಇಟ್ಟ. ತನ್ನ ಭಾಷೆಯಲ್ಲಿ ಎರಡು ಮಾತು ಹೇಳಿದ. ಧ್ವನಿ ಏರಿಸಲಿಲ್ಲ.

“ಏನಂತಾನ್ರಿ?” ಎಂದ ಮುರಿಗೆಪ್ಪ.

“ಇದು ಬಾನಿಯೊಳಗ ಬಿದ್ದಿತ್ತಂತ. ಬಾನಿಯೊಳಗ ಒಂದು ಹನಿ ನೀರಿಲ್ಲಂತ. ಮುಂದಿನ ಸಲ ಬಂದಾಗೂ ಹಿಂಗ ಇದ್ರ ಗುಡಸಲಾ ಬಿಡಬೇಕಂತ.”

ಅಜ್ಜ ಬೆರಳಿನಿಂದ ಹಕ್ಕಿಯ ಕೊರಳು ಸವರಿದರು. ಕೊಕ್ಕು ಮುಟ್ಟಿ ನೋಡಿದರು. ಅದು ತೆರೆದೇ ಇತ್ತು.

ಮುರಿಗೆಪ್ಪನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

“ನಾ ಸುಳ್ಳು ಹೇಳೀನ್ರಿ. ಮೊದಲನೇ ದಿನ ಬಿಟ್ರ ಬಾನಿ ಕಡೆ ಹೋಗಿಲ್ರಿ. ಆ ನೀರು ದಿನಾ ಬಾಗಲ್ದಾಗ ಹೊಡದೀನಿ.”

“ಗೊತ್ತೈತಿ.”

“ಗೊತ್ತಿತ್ರಿ?”

“ಪೊರಿ ಬಂದದ್ದು ಕಣ್ಣಿಗೆ. ಮೂಗಿಗೆ ಬಂದಿಲ್ಲ. ದಿನಾ ಸಂಜಿಗೆ ಹಸಿ ಮಣ್ಣಿನ ವಾಸನಿ ಬರತಿತ್ತು.”

“ಮತ್ತ ಯಾಕ ಕೇಳಲಿಲ್ರಿ?”

“ದಿನಾ ಕೇಳೀನಲ್ಲ.”

ಮುರಿಗೆಪ್ಪನ ಒಳಗೆ ಒಂದು ಮಾತು ಕುದಿಯುತ್ತಿತ್ತು, ತಡೆಯಲಾಗಲಿಲ್ಲ.

“ಬೈಬೇಕಾಗಿತ್ರಿ ನೀವು. ಅವತ್ತ ಬೈದಿದ್ರ ಇದು ಸಾಯ್ತಿರಲಿಲ್ಲ.”

“ಮೊದಲೇ ಹಾವಿಗೆ ಅಂಜಿದ್ದಿ. ಅದರ ಮ್ಯಾಲ ನನಗೂ ಅಂಜಿದ್ರ ಎಲ್ಲಿಗೆ ಹೋಗತಿದ್ದಿ?” ಅಜ್ಜ ಹಕ್ಕಿಯ ರೆಕ್ಕೆ ಮಡಿಸಿದರು. “ಆದ್ರೂ ನೀ ಅಂದದ್ದು ಖರೆ. ಈ ಹಕ್ಕಿ ಸತ್ತದ್ದರಾಗ ನನ್ನ ಪಾಲೂ ಐತಿ.”

ಹಕ್ಕಿಯನ್ನು ಮಡಿಲಿಗೆ ಕಟ್ಟಿಕೊಂಡು ಅಜ್ಜ ಎದ್ದರು. ಗೋಡೆ ತಡಕಿ ತಡಕಿ ಬಿಂದಿಗೆಯ ಹತ್ತಿರ ಹೋದರು. ಎರಡು ತಂಬಿಗೆ ತುಂಬಿಕೊಂಡು ಹೊರಗೆ ನಡೆದರು.

“ಅಜ್ಜಾರ, ಹಾದ್ಯಾಗ ಹಾವು ಇರ್ತಾವ್ರಿ.”

“ಇರಲಿ. ಅವುಗಳ ಊರು ಇದು.”

ಅಜ್ಜ ಒಂದೊಂದು ಹೆಜ್ಜೆಯನ್ನೂ ಎತ್ತಿ ಎತ್ತಿ, ನೆಲಕ್ಕೆ ಬಡಿದು ಇಡುತ್ತಿದ್ದರು. ದಾರಿ ಸರಿಯಾಗಿ ಕಾಣದೆ ಒಮ್ಮೆ ಮರಕ್ಕೆ ಬೆನ್ನು ತಿರುಗಿಸಿ ನಡೆದರು. ಮುರಿಗೆಪ್ಪ ನೋಡುತ್ತ ನಿಲ್ಲಲಾರದೆ ಓಡಿಹೋಗಿ ಅವರ ರಟ್ಟೆ ಹಿಡಿದ.

“ಹಿಂಗ್ಯಾಕ ಕಾಲು ಬಡೀತೀರಿ?”

“ಮಂದಿ ಮನಿಯೊಳಗ ಹೋಗೂ ಮುಂದ ಬಾಗಲಾ ಬಡಿಯೂದಿಲ್ಲೇನು ನೀ?”

“ಹಾವಿಗೆ ಮಂತ್ರ ಏನೂ ಇಲ್ಲೇನ್ರಿ?”

“ಇದ ಮಂತ್ರ. ಹೂಂ, ಬಡಿ.”

ಇಬ್ಬರೂ ಕಾಲು ಬಡಿಯುತ್ತ ಹೋದರು. ಹಾದಿಯ ಪಕ್ಕದ ಪೊದೆಯಲ್ಲಿ ಏನೋ ಸರಕ್ಕನೆ ಸರಿದು ಹೋಯಿತು. ಬಾನಿಗೆ ನೀರು ಹಾಕಿದರು. ಬನ್ನಿಯ ಬುಡದಲ್ಲಿ ಮುರಿಗೆಪ್ಪ ಕೈಯಿಂದಲೇ ಕುಳಿ ತೋಡಿ ಹಕ್ಕಿಯನ್ನು ಮುಚ್ಚಿದ. ಇಬ್ಬರೂ ಹಿಂದಿರುಗಿದಾಗ ಜೇಠಾರಾಮ ನೀರು ಇಳಿಸುತ್ತಿದ್ದ.

ಅಂದು ಮುರಿಗೆಪ್ಪ ಊರಿಗೆ ಹೋಗಲಿಲ್ಲ. ನಾಚಿಕೆ ಅವನನ್ನು ಹಿಡಿದು ನಿಲ್ಲಿಸಿತು.

ಮರುದಿನದಿಂದ ಬಾಗಿಲಿಗೆ ತಳಿ ನಿಂತಿತು. ಎರಡೇ ದಿನದಲ್ಲಿ ಅಂಗಳ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತು. ಇರುವೆ ಹೋದವು. ಅವುಗಳ ಹಿಂದೆ ಹಲ್ಲಿ, ಹಲ್ಲಿಯ ಹಿಂದೆ ಇಲಿ, ಇಲಿಯ ಹಿಂದೆ ಹಾವು. ಬರುವಾಗ ಹೇಗೆ ಬಂದಿದ್ದವೋ ಹಾಗೆಯೇ ಹೋದವು. ಕರೆದವರು ಯಾರು ಎಂದು ಮುರಿಗೆಪ್ಪನಿಗೆ ಈಗ ಯಾರೂ ಹೇಳಬೇಕಾಗಿರಲಿಲ್ಲ.

ದಿನಾ ಸಂಜೆ ಕಾಲು ಬಡಿಯುತ್ತ ಬಾನಿಗೆ ಹೋಗಿಬಂದ. ಬೆಳಗ್ಗೆ ದೂರದಿಂದ ನೋಡಿದರೆ ಬನ್ನಿಯ ನೆರಳಲ್ಲಿ ಗೌಜಿಗಗಳು, ಒಂದು ಜಿಂಕೆ, ಅದು ಹೋದ ಮೇಲೆ ಅದೇ ಕಳ್ಳ ನರಿ. ಜಗಳವಿಲ್ಲದೆ ಸರದಿಯ ಮೇಲೆ ಕುಡಿಯುತ್ತಿದ್ದವು. ನೋಡಿ ಅವನಿಗೆ ಸಂತೋಷವಾಗುತ್ತಿತ್ತು.

ಸಂತೋಷವೇನೋ ಆಯಿತು. ಗಂಟು ಕಟ್ಟುವುದು ಮಾತ್ರ ನಿಲ್ಲಲಿಲ್ಲ.

ಹತ್ತು ದಿನ ಕಳೆದು ಜೇಠಾರಾಮನ ಒಂಟೆ ಮತ್ತೆ ಬಾಗಿಲಿಗೆ ಬಂತು. ಅವನು ಬಾನಿ ನೋಡಿಕೊಂಡೇ ಬಂದಿದ್ದ. ಅಜ್ಜನ ಪಾದ ಮುಟ್ಟಿ ನೀರು ಇಳಿಸತೊಡಗಿದ. ಮುರಿಗೆಪ್ಪ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಅಜ್ಜನ ಮುಂದೆ ನಿಂತ.

“ಈಗ ಯಾವ ಹಾವು?” ಎಂದರು ಅಜ್ಜ.

“ಹಾವಿಲ್ರಿ. ಅದಕ್ಕ ಹೆಚ್ಚಿಗಿ ಅಂಜಿಕಿ ಆಗೈತಿ. ಹಾವಿದ್ದಾಗ ಎಲ್ಲಾ ಹಾವಿನ ಮ್ಯಾಲ ಹಾಕತಿದ್ದೆ. ಈಗ ಬಾಗಲ್ದಾಗ ಒಂದು ಇರುವಿನೂ ಇಲ್ಲ. ಆದ್ರೂ ಎದಿ ನಿಂದರವಲ್ದು.”

“ಮುಂಜಾನೆ ಎದ್ದು ಏನ ಮಾಡ್ತಿ?”

“ಬಾಗಲ್ದಾಗ ಕುಂತು ಹೊಳಿ ನೆನಸ್ತೀನ್ರಿ. ತೊಯ್ದ ಮೆಟ್ಟಲಾ, ಗಂಟಿ ಸಪ್ಪಳ.”

“ಸಂಜಿಗೆ?”

“ಬಾನಿ ತುಂಬಿ ಬಂದು, ಮತ್ತ ಅಲ್ಲೇ ಕುಂತು ಹೊಳಿ ನೆನಸ್ತೀನ್ರಿ.”

“ಆಮ್ಯಾಲ?”

“ಆಮ್ಯಾಲ ಒಂದೊಂದ ಬರ್ತಾವ್ರಿ. ನನ್ನ ಜಾಗಾದಾಗ ಈಗ ಯಾರು ಕುಂತಾರೋ. ನನ್ನ ಮರತಾರೋ ಏನೋ. ಬಂದದ್ದು ತಪ್ಪಾತೋ, ಹೋದ್ರ ತಪ್ಪಾದೀತೋ. ಒಂದರ ಹಿಂದ ಒಂದು ಬರ್ತಾವು. ಬಿಲಾ ತೋಡಿದಂಗ ಆಗತೈತಿ.”

ಹೇಳುತ್ತ ಹೇಳುತ್ತ ಮುರಿಗೆಪ್ಪ ತಟ್ಟನೆ ಮಾತು ನಿಲ್ಲಿಸಿದ. ಒಣಗಿ ಬಿದ್ದ ಅಂಗಳವನ್ನೇ ನೋಡಿದ.

“ಹಂಗಾರ ಹೊಳಿ ಮರೀಬೇಕೇನ್ರಿ ಅಜ್ಜಾರ? ಅದು ನನ್ನ ಕೈಲೆ ಆಗೂದಿಲ್ರಿ.”

ಅಜ್ಜ ಎದ್ದರು. ಬಿಂದಿಗೆಗೆ ಕೈ ಹಾಕಿ, ಬೆರಳಿನಿಂದ ಅಂಚು ಮುಟ್ಟಿ ನೋಡುತ್ತ, ಎರಡು ತಂಬಿಗೆ ನೀರು ತುಂಬಿದರು. ಎರಡನ್ನೂ ಅವನ ಮುಂದೆ ಚಾಚಿದರು. ಹೊರಗೆ ಜೇಠಾರಾಮ ಒಂಟೆಯನ್ನು ಎಬ್ಬಿಸಿ, ಬರುವವರಿದ್ದರೆ ಬನ್ನಿ ಎಂಬಂತೆ ಹಗ್ಗ ಹಿಡಿದು ನಿಂತಿದ್ದ.

ಎರಡು ತಂಬಿಗೆಗೆ ಎರಡು ಕೈ ಬೇಕು. ಮುರಿಗೆಪ್ಪ ಗಂಟನ್ನು ಹೊಸ್ತಿಲ ಬಳಿ ಇಟ್ಟ.

“ಮರೀಬ್ಯಾಡ” ಅಂದರು ಅಜ್ಜ. “ಬಾಗಲ್ದಾಗ ಚೆಲ್ಲಬ್ಯಾಡ. ಆ ನೆನಪನ್ನೂ ಬನ್ನಿ ಗಿಡದ ಮಟಾ ಒಯ್ದು ಹಾಕಿ ಬಾ.”