ಪಕ್ಕದ ಮನೆಯ ಶಾಲು

ಗಂಟಲಿನ ಒಂದು ಜೀವಕೋಶದ ಬಾಗಿಲಿಗೆ ವೈರಾಣುವೊಂದು ಬಂದು ನಿಂತಿತು.

“ಯಾರಯ್ಯ ನೀನು?” ಎಂದು ಜೀವಕೋಶ ಕೇಳಿತು.

“ಬಡವ. ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರೂ ಇಲ್ಲ. ಒಂದು ಪ್ರೋಟೀನಿನ ಡಬ್ಬಿ, ಅದರೊಳಗೆ ಒಂದೆಳೆ ಆರ್‌ಎನ್‌ಎ, ಮೇಲೆ ಹೊದ್ದ ಈ ಶಾಲು. ನನ್ನ ಆಸ್ತಿ ಇಷ್ಟೇ.”

ಜೀವಕೋಶ ಶಾಲನ್ನು ಮುಟ್ಟಿ ನೋಡಿತು. “ಇದು ನಮ್ಮವರ ನೇಯ್ಗೆಯಂತಿದೆ.”

“ಹಿಂದಿನ ಮನೆಯವರದು.”

ಹಾಗಾದರೆ ನಮ್ಮ ಪೈಕಿಯವನೇ ಎಂದುಕೊಂಡು ಜೀವಕೋಶ ಬಾಗಿಲು ತೆರೆಯಿತು.

ಒಳಗೆ ಬಂದದ್ದೇ ಡಬ್ಬಿ ಬಿಚ್ಚಿಕೊಂಡಿತು. ಎಳೆ ರೈಬೋಸೋಮಿನ ಕೈ ಸೇರಿತು. ರೈಬೋಸೋಮ್ ಆ ಮನೆಯ ಹಳೆಯ ಆಳು. ಕೈಗೆ ಬಂದ ಎಳೆಯನ್ನು ಓದಿ, ಅದು ಹೇಳಿದ ಪ್ರೋಟೀನನ್ನು ತಯಾರಿಸುವುದು ಅದರ ಕಸುಬು. ಅದು ವೈರಾಣುವಿನ ಡಬ್ಬಿಗಳನ್ನು ಮಾಡತೊಡಗಿತು.

“ನಿಲ್ಲಿಸು, ಆ ಎಳೆ ನಮ್ಮದಲ್ಲ,” ಎಂದಿತು ಜೀವಕೋಶ.

“ಯಾರದೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಒಡೆಯ. ಓದಲು ಬಂದರೆ ಸಾಕು.”

ಎಳೆಗೆ ನೂರಾರು ನಕಲುಗಳು ಹುಟ್ಟಿ ಡಬ್ಬಿಗಳಲ್ಲಿ ಸೇರಿಕೊಂಡವು. ಮನೆಯಲ್ಲಿದ್ದ ಸಾಮಾನು, ಶಕ್ತಿ ಎಲ್ಲವೂ ಅದಕ್ಕೇ ಖರ್ಚಾಯಿತು.

“ನಾನು ಸತ್ತರೆ ನಿನಗೂ ನೆಲೆಯಿಲ್ಲ. ಅಷ್ಟೂ ತಿಳಿಯದೇ?” ಎಂದು ಜೀವಕೋಶ ನರಳಿತು.

“ತಿಳಿಯಲು ತಲೆ ಬೇಕು,” ಎಂದಿತು ಎಳೆ. “ಅದನ್ನು ನಾನು ತಂದಿಲ್ಲ.”

ಹೊಸ ವೈರಾಣುಗಳು ಹೊರಡುವಾಗ ಒಂದೊಂದೂ ಜೀವಕೋಶದ ಹೊರಚರ್ಮದಿಂದ ಒಂದೊಂದು ತುಂಡು ಹರಿದು ಹೊದ್ದುಕೊಂಡಿತು. ಚರ್ಮವಿಲ್ಲದ ಜೀವಕೋಶ ಅಲ್ಲೇ ಕುಸಿದು ಸತ್ತಿತು.

ನೆರೆಯ ಜೀವಕೋಶ ತನ್ನ ಬಾಗಿಲಿಗೆ ಬಂದವರ ಶಾಲನ್ನು ಮುಟ್ಟಿ ನೋಡಿತು.

“ಓ, ಪಕ್ಕದ ಮನೆಯವರು,” ಎಂದಿತು. “ಹೊರಗೇಕೆ ನಿಂತಿರಿ, ಬನ್ನಿ.”