ಹೊಳೆದಂಡೆಯ ಒಂದೇ ಇಟ್ಟಿಗೆ

ಮೊದಲು ಒಂದು ಒಗಟು.

ಕಾಲಿಲ್ಲ, ಕೂತಲ್ಲೇ ಕೂತಿರುತ್ತದೆ. ಬಾಯಿಲ್ಲ, ಆದರೂ ಮನುಷ್ಯರನ್ನು ತಿನ್ನುತ್ತದೆ. ತಿಂದಷ್ಟೂ ಜನ ಅದಕ್ಕೆ ಹಾರ ಹಾಕುತ್ತಾರೆ. ಏನದು?

ಹುಲಿ ಅಂದರೆ ತಪ್ಪು. ಮಾರಮ್ಮ ಅಂದರೂ ತಪ್ಪು. ಎಮ್ಮೆಲ್ಲೆ ಅಂದವರು ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯಿರಿ. ಎಮ್ಮೆಲ್ಲೆ ಯಾವತ್ತು ಕೂತಲ್ಲೇ ಕೂತಿದ್ದಾನೆ?

ಗೊತ್ತಾಗಲ್ಲ ಬಿಡಿ. ಗುರುಗಳಿಗೇ ಗೊತ್ತಾಗಿರಲಿಲ್ಲ.

ಗುರುಗಳು ಅಂದರೆ ದೇವಯ್ಯನವರು. ನಮ್ಮ ಕಡೆ ಹುಡುಗರು ಟೀ ಅಂಗಡಿಯವನಿಗೂ "ಗುರು, ಒಂದು ಟೀ ಕೊಡು" ಅಂತಾರೆ. ಆದರೆ ದೇವಯ್ಯನವರನ್ನು ಬರೀ ಗುರು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಗುರುಗಳೇ ಅನ್ನಬೇಕಿತ್ತು.

ಘಾಟಿಯ ಬುಡದಲ್ಲಿ ಹೊಳೆ. ಹೊಳೆದಂಡೆಯಲ್ಲಿ ತಗಡಿನ ಶೆಡ್ಡು. ಅದೇ ಆಶ್ರಮ.

ಗುರುಗಳು ಒಂದು ಕಾಲದಲ್ಲಿ ರೇಸಿನಲ್ಲಿ ಬೈಕ್ ಓಡಿಸಿದವರು. ಒಂದು ರೇಸು ಅವರ ಎಡಮಂಡಿಯನ್ನು ಇಟ್ಟುಕೊಂಡು ಅವರನ್ನು ವಾಪಸ್ ಕಳಿಸಿತ್ತು. ಆ ಕಾಲು ಮಡಚುತ್ತಿರಲಿಲ್ಲ. ಈಗ ಹುಡುಗರಿಗೆ ತಿರುವಿನಲ್ಲಿ ಬೈಕ್ ತಿರುಗಿಸುವುದನ್ನು ಹೇಳಿಕೊಡುತ್ತಿದ್ದರು. ನೇರ ರಸ್ತೆಯಲ್ಲಿ ಓಡಿಸುವುದನ್ನು ಹೇಳಿಕೊಡುತ್ತಿರಲಿಲ್ಲ.

"ನೇರ ಹೋಗೋದನ್ನ ಕತ್ತೆಗೂ ಕಲಿಸಬಹುದು" ಅನ್ನುತ್ತಿದ್ದರು.

ಶೆಡ್ಡಿನಲ್ಲಿ ಎರಡು ಬೈಕು. ಒಂದು ಹಾಲಿನ ಕ್ಯಾನು ಹೊತ್ತು ಹೊತ್ತು ಸವೆದ ಹಳೇ ಬೈಕು. ಇನ್ನೊಂದು ಕೆಂಪು ಸ್ಪೋರ್ಟ್ಸ್ ಬೈಕು. ಅದು ಗುರುಗಳ ಮಗ ಉತ್ತಯ್ಯನದು.

ಉತ್ತಯ್ಯ ಘಾಟಿಯ ಹೆಬ್ಬಾವು ತಿರುವಿನಲ್ಲಿ ಪ್ರಪಾತಕ್ಕೆ ಬಿದ್ದು ಸತ್ತಿದ್ದ. ಬೈಕು ಮರಕ್ಕೆ ಸಿಕ್ಕಿ ಉಳಿದಿತ್ತು. ಗುರುಗಳು ಅದನ್ನು ಮೇಲೆತ್ತಿಸಿ, ರಿಪೇರಿ ಮಾಡಿ, ಹೊಸದರ ಹಾಗೆ ಇಟ್ಟಿದ್ದರು. ದಿನಾ ಒರೆಸುತ್ತಿದ್ದರು. ತಾವು ಹತ್ತುತ್ತಿರಲಿಲ್ಲ, ಬೇರೆಯವರಿಗೆ ಕೊಡುತ್ತಲೂ ಇರಲಿಲ್ಲ.

ಆ ಕೆಂಪು ಬೈಕಿನ ಮೇಲೆ ಕಣ್ಣು ಹಾಕಿದವನು ಶಿಷ್ಯ ಮರಿಸ್ವಾಮಿ.

"ಗುರುಗಳೇ, ಅದನ್ನ ನನಗೆ ಯಾವಾಗ ಕೊಡ್ತೀರಿ?"

"ಹಳೇದರ ಟೈರು ಅಂಚಿನ ತನಕ ಸವೆಸಿಕೊಂಡು ಬಾ. ಆಮೇಲೆ ಕೇಳು."

ತಿರುವಿನಲ್ಲಿ ಬೈಕು ವಾಲಿದಷ್ಟೂ ಟೈರಿನ ಅಂಚು ಸವೆಯುತ್ತದೆ. ಅಂಚು ಹೊಸದಾಗಿಯೇ ಇದ್ದರೆ ಓಡಿಸುವವನು ಪುಕ್ಕಲ ಅಂತ ಲೆಕ್ಕ. ಈ ಬೈಕಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಮುಂಚೆ ಟೈರು ನೋಡುತ್ತಾರೆ. ಹೆಣ್ಣು ನೋಡಲು ಹೋದರೂ ಮಾವನ ಸ್ಕೂಟರಿನ ಟೈರು ನೋಡಿ ಬರುವ ಜಾತಿ.

ಮರಿಸ್ವಾಮಿ ಏನು ಮಾಡಿದ? ಬಡಗಿಯ ಹತ್ತಿರ ಮರ ಉಜ್ಜುವ ಉಪ್ಪುಕಾಗದ ಈಸಿಕೊಂಡ. ಶೆಡ್ಡಿನ ಹಿಂದೆ ಕೂತು ಟೈರಿನ ಅಂಚನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ. ಗುರುಗಳ ಮುಂದೆ ಬೈಕು ತಂದು ನಿಲ್ಲಿಸಿದ.

ಗುರುಗಳು ಬಗ್ಗಿ ಟೈರಿನ ಮೇಲೆ ಬೆರಳಾಡಿಸಿದರು. ಒಳಗೆ ಹೋಗಿ ಒಂದು ಹೊಸ ಉಪ್ಪುಕಾಗದ ತಂದು ಅವನ ಕೈಗೆ ಕೊಟ್ಟರು.

"ಇದು ಯಾಕೆ ಗುರುಗಳೇ?"

"ಮಂಡಿಗೂ ಉಜ್ಜಿಕೋ. ವಾಲಿ ವಾಲಿ ನೆಲಕ್ಕೆ ತಾಗ್ತು ಅಂತ ಹೇಳ್ಕೊಂಡು ತಿರುಗಬಹುದು."

ಉಳಿದ ಶಿಷ್ಯರು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರಿಸ್ವಾಮಿ ನಗಲಿಲ್ಲ. ಮಾರನೆಯ ದಿನ ಎಲ್ಲರಿಗಿಂತ ಮುಂಚೆ ಬಂದ.

"ಬಲಕ್ಕೆ ತಿರುಗೋದು ಹೇಗೆ, ಸರಿಯಾಗಿ ಹೇಳಿಕೊಡಿ ಗುರುಗಳೇ."

"ಬಲಗೈಯಲ್ಲಿ ಹ್ಯಾಂಡಲ್ಲನ್ನ ಮುಂದಕ್ಕೆ ತಳ್ಳು."

"ಹಾಗೆ ತಳ್ಳಿದ್ರೆ ಚಕ್ರ ಎಡಕ್ಕೆ ತಿರುಗತ್ತಲ್ಲ?"

"ಹೌದು. ಚಕ್ರ ಎಡಕ್ಕೆ ಹೋದರೆ ಬೈಕು ಬಲಕ್ಕೆ ಬೀಳತ್ತೆ. ಆ ಬೀಳೋದನ್ನೇ ನಾವು ತಿರುಗೋದು ಅಂತೀವಿ."

"ಬಿದ್ದೇ ಬಿಟ್ಟರೆ?"

"ವೇಗ ಹಿಡಿದುಕೊಂಡಿರತ್ತೆ. ನಡುವೆ ಹೆದರಿ ಬ್ರೇಕ್ ಒತ್ತಿದೆಯೋ, ಬೈಕು ಎದ್ದು ನೆಟ್ಟಗೆ ಹೋಗತ್ತೆ. ಘಾಟಿಯಲ್ಲಿ ನೆಟ್ಟಗೆ ಹೋದವರು ಎಲ್ಲಿಗೆ ಹೋಗ್ತಾರೆ ಅಂತ ನಿನಗೆ ಗೊತ್ತಲ್ಲ."

ಆಮೇಲೆ ಗುರುಗಳು ಹೊಳೆದಂಡೆಯ ಗಟ್ಟಿ ಮರಳಿನ ಮೇಲೆ ಒಂದು ಇಟ್ಟಿಗೆ ಇಟ್ಟು ಬಂದರು. ಒಂದೇ ಒಂದು. ಸುತ್ತ ಎರಡು ಗದ್ದೆಯಷ್ಟು ಖಾಲಿ ಜಾಗ.

"ಬೈಕು ತಗೊಂಡು ಆ ಕಡೆ ಹೋಗು. ಏನು ಬೇಕಾದ್ರೂ ಮಾಡು. ಆ ಇಟ್ಟಿಗೆಗೆ ಮಾತ್ರ ಗುದ್ದಬೇಡ."

"ಇಷ್ಟೇನಾ?"

ಮರಿಸ್ವಾಮಿ ಹೊರಟ. ಇಟ್ಟಿಗೆಗೆ ಗುದ್ದಬಾರದು, ಗುದ್ದಬಾರದು ಅಂತ ಅದನ್ನೇ ನೋಡುತ್ತ ಹೋದ. ಹೋಗಿ ಅದಕ್ಕೇ ಗುದ್ದಿದ. ಬೈಕು ಒಂದು ಕಡೆ, ಅವನು ಒಂದು ಕಡೆ.

ಗುರುಗಳು ಕುಂಟುತ್ತ ಬಂದು ಅವನ ತಲೆಯ ಹತ್ತಿರ ನಿಂತರು.

"ಇಷ್ಟಗಲ ಹೊಳೆದಂಡೆ. ಇರೋದು ಒಂದು ಇಟ್ಟಿಗೆ. ಅಷ್ಟು ಕರೆಕ್ಟಾಗಿ ಹೇಗಯ್ಯಾ ಹುಡುಕಿದೆ?"

ಮರಿಸ್ವಾಮಿ ಮರಳು ಉಗುಳಿದ.

"ಕಣ್ಣು ಎಲ್ಲಿ ಹೋಗತ್ತೋ ಬೈಕು ಅಲ್ಲಿಗೆ ಹೋಗತ್ತೆ" ಅಂದರು ಗುರುಗಳು. "ತಪ್ಪಿಸಿಕೊಳ್ಳಬೇಕಾದ್ದನ್ನ ನೋಡಬೇಡ. ಹೋಗಬೇಕಾದ ಕಡೆ ನೋಡು."

ಆ ಬೇಸಿಗೆ ಕಳೆಯುವಷ್ಟರಲ್ಲಿ ಟೈರಿನ ಅಂಚು ತಾನಾಗಿಯೇ ಸವೆದಿತ್ತು. ಮರಿಸ್ವಾಮಿ ಅದನ್ನು ಯಾರಿಗೂ ತೋರಿಸಲಿಲ್ಲ. ಗುರುಗಳೇ ನೋಡಿದರು. ಕೆಂಪು ಬೈಕಿನ ಮೇಲಿದ್ದ ಬಟ್ಟೆ ಸರಿಸಿದರು.

"ಮಗನದು. ನಿನ್ನನ್ನ ನಂಬಿ ಕೊಡ್ತಿದೀನಿ."

"ಇದಕ್ಕೂ ಹಳೇದಕ್ಕೂ ಏನು ವ್ಯತ್ಯಾಸ ಗುರುಗಳೇ?"

"ನೋಡು. ಇದರ ಮುಂದಿನ ಚಕ್ರ ಹಿಡಿದಿರೋ ಫೋರ್ಕು ನೆಟ್ಟಗಿದೆ. ಚಕ್ರಕ್ಕೂ ಚಕ್ರಕ್ಕೂ ನಡುವೆ ಜಾಗ ಕಮ್ಮಿ. ಹ್ಯಾಂಡಲ್ಲು ಕೆಳಗಿದೆ, ನಿನ್ನ ಭಾರ ಮುಂದಿನ ಚಕ್ರದ ಮೇಲೆ ಬೀಳತ್ತೆ. ಅದಕ್ಕೇ ಬೇಗ ತಿರುಗತ್ತೆ."

"ಅಂದ್ರೆ ಇದೇ ಒಳ್ಳೇದು."

"ಹಳೇದು ಎಮ್ಮೆ. ನೀನು ತಪ್ಪು ಹೇಳಿದ್ರೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡತ್ತೆ. ಅಷ್ಟರಲ್ಲಿ ನೀನು ತಿದ್ದಿಕೋಬಹುದು. ಇದು ಯೋಚನೆ ಮಾಡಲ್ಲ. ಹೇಳಿದ ತಕ್ಷಣ ಮಾಡತ್ತೆ."

"ಅದು ಒಳ್ಳೇದೇ ಅಲ್ವಾ?"

"ಹೇಳೋನು ಸರಿ ಇದ್ರೆ."

ಮರಿಸ್ವಾಮಿ ಘಾಟಿ ಹತ್ತಿದ. ನಾವು ಶೆಡ್ಡಿನಲ್ಲಿ ಕೂತು ಸದ್ದು ಕೇಳುತ್ತಿದ್ದೆವು. ಹತ್ತಿದ್ದು ಕೇಳಿಸಿತು. ಇಳಿಯುತ್ತಿರುವುದು ಕೇಳಿಸಿತು. ಹೆಬ್ಬಾವು ತಿರುವಿನಲ್ಲಿ ಸದ್ದು ನಿಂತಿತು.

ಗುರುಗಳು ಎದ್ದು ನಿಂತರು.

ತುಂಬಾ ಹೊತ್ತಾದ ಮೇಲೆ ಮರಿಸ್ವಾಮಿ ಬೈಕು ತಳ್ಳಿಕೊಂಡು ಬಂದ.

"ಹ್ಯಾಂಡಲ್ಲು ಎಳೀತಿದೆ ಗುರುಗಳೇ. ಪ್ರಪಾತದ ಕಡೆಗೆ ಎಳೀತು. ಅಂಚಲ್ಲಿ ನಿಂತೆ. ಮುಂದಿನ ಚಕ್ರದ ಕೆಳಗೆ ಮಣ್ಣು ಕುಸೀತಿತ್ತು."

ಗುರುಗಳು ಟೈರಿನ ಗಾಳಿ ನೋಡಿದರು. ಫೋರ್ಕು ಒತ್ತಿ ನೋಡಿದರು. ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಬೈಕು ಸರಿಯಾಗಿದೆ. ನೀನು ಎಲ್ಲಿ ನೋಡ್ತಿದ್ದೆ?"

"ತಿರುವಿನ ಆಚೆ."

"ಮರಿಸ್ವಾಮಿ."

ಅವನು ತಲೆ ತಗ್ಗಿಸಿದ.

"ಉತ್ತಯ್ಯಣ್ಣನ್ನ ನೋಡ್ತಿದ್ದೆ ಗುರುಗಳೇ."

ಹೆಬ್ಬಾವು ತಿರುವಿನ ಹೊರ ಅಂಚಿನಲ್ಲಿ, ಉತ್ತಯ್ಯ ಬಿದ್ದ ಜಾಗದಲ್ಲೇ, ಗೆಳೆಯರು ಒಂದು ಕಲ್ಲು ನಿಲ್ಲಿಸಿದ್ದರು. ಎದೆಯೆತ್ತರದ ಕಲ್ಲು. ಸುಣ್ಣ ಬಳಿದಿದ್ದರು. ನಡುವೆ ಅವನ ಫೋಟೋ, ಮೇಲೆ ಅವನ ಹಳದಿ ಹೆಲ್ಮೆಟ್ಟು. ಸೋಮವಾರ ಸೋಮವಾರ ಗುರುಗಳು ಬಸ್ಸಿನಲ್ಲಿ ಹೋಗಿ ಹಾರ ಹಾಕಿ ಬರುತ್ತಿದ್ದರು. ಘಾಟಿ ಇಳಿಯುವ ಯಾರೇ ಆದರೂ ಅದನ್ನು ನೋಡದೆ ಇರುವುದು ಸಾಧ್ಯವಿರಲಿಲ್ಲ.

ಕಲ್ಲು ನಿಂತ ಮೇಲೆ ಅಲ್ಲಿ ಒಬ್ಬ ಎಸ್ಟೇಟಿನ ಹುಡುಗ ಬಿದ್ದು ಕಾಲು ಕಳಕೊಂಡಿದ್ದ. ಆಮೇಲೆ ಹೊಸದಾಗಿ ಮದುವೆಯಾದ ಒಬ್ಬ ಮೇಷ್ಟ್ರು ಬಿದ್ದು ಸತ್ತಿದ್ದರು. ಅವರ ಹೆಂಡತಿಯೂ ಅದೇ ಕಲ್ಲಿಗೆ ಹಾರ ತರುತ್ತಿದ್ದಳು.

"ಇಟ್ಟಿಗೆ, ಗುರುಗಳೇ" ಅಂದ ಮರಿಸ್ವಾಮಿ. "ಅಲ್ಲಿ ನಾವೇ ಒಂದು ಇಟ್ಟಿಗೆ ಇಟ್ಟಿದ್ದೀವಿ."

"ಏನಂದೆ?"

"ಕಲ್ಲು ತೆಗೆಸಿಬಿಡಿ. ಉತ್ತಯ್ಯಣ್ಣ ಹೇಗೆ ಬಿದ್ದನೋ ನನಗೆ ಗೊತ್ತಿಲ್ಲ. ಆದರೆ ಆಮೇಲಿನವರು ಕಲ್ಲು ನೋಡ್ಕೊಂಡೇ ಹೋಗಿ ಬಿದ್ದಿದ್ದಾರೆ. ಇವತ್ತು ನಾನೂ ಹೋಗ್ತಿದ್ದೆ."

"ಅದು ಕಲ್ಲಲ್ಲ. ನನ್ನ ಮಗ."

"ಗುರುಗಳೇ..."

"ಬಿದ್ದವರಿಗೆ ಓಡಿಸೋಕೆ ಬರ್ತಿರಲಿಲ್ಲ. ನಿನಗೂ ಬರಲ್ಲ. ಓಡಿಸೋಕೆ ಬರೋನು ಅವನನ್ನ ನೋಡ್ಕೊಂಡೇ ತಿರುಗ್ತಾನೆ."

"ಕಣ್ಣು ಹೋದ ಕಡೆ ಬೈಕು ಹೋಗತ್ತೆ ಅಂದೋರು ನೀವೇ."

ಗುರುಗಳು ಅವನನ್ನು ಒಂದು ಸಲ ನೋಡಿದರು. ಗೋಡೆಯ ಮೇಲಿದ್ದ ತಮ್ಮ ಹಳೇ ಹೆಲ್ಮೆಟ್ಟು ತೆಗೆದುಕೊಂಡರು. ಒಳಗೆ ಜೇಡ ಗೂಡು ಕಟ್ಟಿತ್ತು. ಕೊಡವಿ ಹಾಕಿಕೊಂಡರು.

"ಬನ್ನಿ. ತೋರಿಸ್ತೀನಿ."

"ನಿಮ್ಮ ಕಾಲು?"

"ಕಾಲಲ್ಲಿ ತಿರುಗಿಸ್ತೀಯೇನೋ ನೀನು?"

ಮಡಚದ ಎಡಗಾಲನ್ನು ಮುಂದಕ್ಕೆ ಚಾಚಿಕೊಂಡು ಗುರುಗಳು ಕೆಂಪು ಬೈಕು ಹತ್ತಿದರು. ಗೇರು ಹಾಕಲು ಆ ಕಾಲು ಬೇಕು. ಹಿಮ್ಮಡಿಯಲ್ಲಿ ಹೇಗೋ ತಟ್ಟಿ ಎರಡನೇ ಗೇರಿಗೆ ತಂದರು. ಅಲ್ಲಿಂದ ಬದಲಿಸಲೇ ಇಲ್ಲ. ಮರಿಸ್ವಾಮಿ ಹಳೇ ಬೈಕಿನಲ್ಲಿ ಹಿಂದೆ ಹೊರಟ. ಅವನ ಬೆನ್ನ ಹಿಂದೆ ನಾನು ಕೂತಿದ್ದೆ. ದಾರಿಯಲ್ಲಿ ಒಂದು ಜೋಕು ಹೇಳಿದೆ. ಅವನು "ಮುಚ್ಚೋ ಬಾಯಿ" ಅಂದ.

ಘಾಟಿಯ ತುದಿಗೆ ಹೋಗಿ ತಿರುಗಿಸಿಕೊಂಡು ಇಳಿದೆವು.

ಹೆಬ್ಬಾವು ತಿರುವು ಇಳಿಯುವಾಗ ಬಲಕ್ಕೆ ಸುತ್ತುತ್ತದೆ. ಎಡಗಡೆ ಪ್ರಪಾತ. ತಡೆಗೋಡೆ ಇಲ್ಲ. ಅಂಚಿನಲ್ಲಿ ಬೆಳ್ಳಗೆ ಆ ಕಲ್ಲು.

ಗುರುಗಳು ಚೆನ್ನಾಗಿಯೇ ಒಳಗೆ ಹೋದರು. ವೇಗ ಹೆಚ್ಚಿರಲಿಲ್ಲ. ಬಲಗೈ ಮೆಲ್ಲಗೆ ಮುಂದಕ್ಕೆ ತಳ್ಳಿದ್ದು ಕಂಡಿತು. ಸಂಜೆ ಹೊತ್ತು ಎತ್ತು ಕೊಟ್ಟಿಗೆಯ ಕಡೆ ತಿರುಗಿದ ಹಾಗೆ ಕೆಂಪು ಬೈಕು ತಾನಾಗಿಯೇ ವಾಲಿತು. ಅಷ್ಟು ಚೆಂದ ತಿರುಗಿದ್ದನ್ನು ನಾನು ಮತ್ತೆ ನೋಡಿಲ್ಲ.

ಆಮೇಲೆ ಅವರ ಹೆಲ್ಮೆಟ್ಟು ಎಡಕ್ಕೆ ತಿರುಗಿತು. ಸ್ವಲ್ಪವೇ. ಮನೆ ಮುಂದೆ ಹಾದುಹೋಗುವಾಗ ಮಗ ಜಗುಲಿಯಲ್ಲಿ ಕೂತಿದ್ದಾನಾ ಅಂತ ನೋಡುತ್ತಾರಲ್ಲ, ಅಷ್ಟು.

ಬೈಕು ಯೋಚನೆ ಮಾಡಲಿಲ್ಲ. ಎದ್ದು ನೆಟ್ಟಗೆ ಕಲ್ಲಿನ ಕಡೆ ಹೊರಟಿತು.

"ಗುರುಗಳೇ, ರಸ್ತೆ!" ಮರಿಸ್ವಾಮಿ ಕಿರುಚಿದ. "ರಸ್ತೆ ನೋಡಿ!"

ಗುರುಗಳು ಬ್ರೇಕ್ ಹಿಡಿದರು.

ಮುಂದಿನ ಚಕ್ರ ಕಲ್ಲಿಗೆ ಒಂದು ಗೇಣು ಇರುವಾಗ ಬೈಕು ನಿಂತಿತು. ಅವರು ಇಳಿಯಲಿಲ್ಲ. ಹಾಗೇ ಕೂತು ಫೋಟೋ ನೋಡಿದರು.

"ನೀನು ಹೇಳಿದ್ದೇ ಸರಿ" ಅಂದರು.

ಆಮೇಲೆ ಇಳಿದು ಹಾರ ತೆಗೆದರು. ಹಳದಿ ಹೆಲ್ಮೆಟ್ಟನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಫೋಟೋ ಕಿತ್ತು ಜೇಬಿನಲ್ಲಿಟ್ಟುಕೊಂಡರು. ಕಲ್ಲಿಗೆ ಭುಜ ಕೊಟ್ಟರು.

ಅದು ಅಲ್ಲಾಡಲಿಲ್ಲ. ಮರಿಸ್ವಾಮಿ ಹೋಗಿ ಪಕ್ಕದಲ್ಲಿ ಭುಜ ಕೊಟ್ಟ. ಕಲ್ಲು ಬುಡದಿಂದ ಕಿತ್ತು ಪ್ರಪಾತಕ್ಕೆ ಹೋಯಿತು. ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರಿಸ್ವಾಮಿ ಅಳುತ್ತಿದ್ದ.

"ಇನ್ನು ಉತ್ತಯ್ಯಣ್ಣನ್ನ ಎಲ್ಲಿ ನೋಡೋದು ಗುರುಗಳೇ?"

ಗುರುಗಳು ಕೈಯ ಸುಣ್ಣ ಕೊಡವಿದರು.

"ಸತ್ತವರನ್ನ ಮನೆಯಲ್ಲಿ ಕೂತು ನೋಡೋಣ. ಇಲ್ಲಿ ರಸ್ತೆ ನೋಡು."

ಗುರುಗಳು ಬ್ರೇಕ್ ಹಿಡಿದರು ಅಂತ ಬರೆದೆನಲ್ಲ, ಅಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ಅವರು ಹಿಡಿಯಲಿಲ್ಲ. ಕಲ್ಲು ತಳ್ಳಿದವನು ಮರಿಸ್ವಾಮಿ, ಅವರ ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ, ಒಬ್ಬನೇ. ಗುರುಗಳಿಗೂ ಅಲ್ಲೇ ಒಂದು ಕಲ್ಲು ನಿಲ್ಲಿಸೋಣ ಅಂತ ಬಂದವರಿಗೆ ಆ ಕೊನೆಯ ಮಾತು ಹೇಳಿದವನೂ ಅವನೇ.