ಉಂಡು ಹತ್ತಿದ ಬೆಟ್ಟ

ಕಲ್ಲುಬಸವನ ಬೆಟ್ಟಕ್ಕೆ ನಾನೂರ ಎಂಬತ್ತು ಮೆಟ್ಟಿಲು. ಕಾರ್ತಿಕದ ಮೊದಲ ಸೋಮವಾರ ಮೇಲಿನ ಈಶ್ವರನಿಗೆ ಕೆಳಗಿನ ಕೊಳದ ನೀರಿನಲ್ಲೇ ಅಭಿಷೇಕ. ವರ್ಷವರ್ಷವೂ ಆ ನೀರು ಹೊರುವ ಸರದಿ ಪುಟ್ಟಗೌರಮ್ಮನ ಮನೆಯದು. ಮನೆಯ ಹಿರಿಯರೇ ಹೊರಬೇಕು, ನಡೆದೇ ಹತ್ತಬೇಕು, ದಾರಿಯಲ್ಲಿ ಬಿಂದಿಗೆಯನ್ನು ಬೇರೆಯವರ ಕೈಗೆ ಕೊಡಬಾರದು. ಎರಡು ವರ್ಷ ತಪ್ಪಿದರೆ ಸರದಿ ಬೇರೆ ಮನೆಗೆ ಹೋಗುತ್ತದೆ. ಇದು ಊರಿನ ಕಟ್ಟಳೆ.

ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಪುಟ್ಟಗೌರಮ್ಮನೇ ನೀರು ಹೊತ್ತಳು. ಹೋದ ವರ್ಷ ಚಿಕುನ್‌ಗುನ್ಯಾ ಬಂದು ಕೀಲುಕೀಲೂ ಹಿಡಿದುಕೊಂಡಿತು. ಎಂಟು ತಿಂಗಳು ಹಾಸಿಗೆ. ಸರದಿ ಒಮ್ಮೆ ತಪ್ಪಿತು. ಈಗ ಅವಳಿಗೆ ಅರವತ್ತೇಳು. ನಡುಮನೆಯಿಂದ ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯಬೇಕು.

ಎದುರು ಮನೆಯ ಮೈದುನ ಮಾದಯ್ಯ ಬಂದು ಜಗಲಿಯ ಮೇಲೆ ಕೂತ. "ಅತ್ತಿಗಮ್ಮ, ಈ ವರ್ಷದಿಂದ ಬಿಂದಿಗೆ ನಮ್ಮ ಮನೆಯವರು ಹೊರ್ತೀವಿ. ನೀವು ಕೊಳದ ಹತ್ರ ಕುರ್ಚಿ ಹಾಕಿಸ್ಕೊಂಡು ಕೈ ಮುಗೀರಿ. ಈ ವಯಸ್ಸಿಗೆ ಅಷ್ಟು ಸಾಕು."

"ನಿನಗೆಷ್ಟು ವಯಸ್ಸು ಮಾದಯ್ಯ?"

"ಅರವತ್ತೆರಡು."

"ಹಾಗಾದ್ರೆ ಕುರ್ಚಿ ಎರಡು ಹೇಳು."

ಶ್ರಾವಣದ ಮೊದಲ ಸೋಮವಾರ ಪುಟ್ಟಗೌರಮ್ಮ ಬೆಟ್ಟಕ್ಕೆ ಹೊರಟಳು. ದೇವರ ಕೆಲಸಕ್ಕೆ ಕಾಲು ಗಟ್ಟಿಮಾಡಿಕೊಳ್ಳುವುದೂ ವ್ರತವೇ ಎಂದುಕೊಂಡು ಹಿಂದಿನ ದಿನದಿಂದಲೇ ಉಪವಾಸ ಹಿಡಿದಿದ್ದಳು. ಒಂದು ಗುಟುಕು ಮಜ್ಜಿಗೆಯೂ ಇಲ್ಲ. ಇವತ್ತೇ ತುದಿ ಮುಟ್ಟಿ ಬರುತ್ತೇನೆ ಎಂದು ಸೊಸೆಗೆ ಹೇಳಿದ್ದಳು. ಮೆಟ್ಟಿಲಿಗೆ ಕೈಯೂರುತ್ತಾ ಹತ್ತಿದವಳಿಗೆ ತೊಂಬತ್ತನೆಯ ಮೆಟ್ಟಿಲಿನಲ್ಲಿ ಕಣ್ಣು ಕತ್ತಲಿಟ್ಟಿತು. ಕುಸಿದಳು.

ಪೂಜೆ ಮುಗಿಸಿ ಇಳಿದು ಬರುತ್ತಿದ್ದ ಅರ್ಚಕ ಶಿವನಂಜಯ್ಯ ನೀರು ಚಿಮುಕಿಸಿ ಎಬ್ಬಿಸಿದರು. ಅವರಿಗೆ ಎಪ್ಪತ್ತೆರಡು. ದಿನವೂ ಹತ್ತಿ ಇಳಿಯುವವರು.

"ಏನು ತಿಂದು ಬಂದ್ರಿ ಗೌರಮ್ಮ?"

"ಏನೂ ಇಲ್ಲ ಅಯ್ನೋರೆ. ಉಪವಾಸ."

"ಹಸಿದ ಎತ್ತನ್ನ ಗಾಡಿಗೆ ಕಟ್ತೀರಾ?"

"ಎಲ್ಲಾದ್ರೂ ಉಂಟಾ?"

"ಮತ್ತೆ ಕಾಲಿಗ್ಯಾಕೆ ಈ ಶಿಕ್ಷೆ? ನಾನು ದಿನಾ ಅಂಬಲಿ ಕುಡಿದೇ ಹತ್ತೋದು. ಇವತ್ತಿನ ತನಕ ಶಿವ ನನ್ನ ಬಾಯಿ ಮೂಸಿ ನೋಡಿಲ್ಲ."

ಇಳಿಯುವಾಗ ಅವರು ಇನ್ನೊಂದು ಮಾತು ಹೇಳಿದರು. "ಹೆಜ್ಜೆಗೊಂದು ಸಲ ಬಾಯಿಬಿಟ್ಟು 'ನಮಃ ಶಿವಾಯ' ಅನ್ನಿ. ಉಸಿರು ಸಾಲದೆ ನಾಮ ತುಂಡಾಯ್ತು ಅಂದ್ರೆ ಅಲ್ಲೇ ಕೂತುಬಿಡಿ. ಅವತ್ತಿಗೆ ಅಷ್ಟೇ ಬೆಟ್ಟ."

ನಾಲ್ಕು ದಿನ ಸುಧಾರಿಸಿಕೊಂಡ ಮೇಲೆ ಸೊಸೆ ರಾಗಿ ಅಂಬಲಿ, ಬೇಯಿಸಿದ ಹುರುಳಿಕಾಳು ಕೊಟ್ಟಳು. ಪುಟ್ಟಗೌರಮ್ಮ ಉಂಡು ಹೋದಳು. ಇಪ್ಪತ್ತೆರಡನೆಯ ಮೆಟ್ಟಿಲಿಗೇ ನಾಮ ತುಂಡಾಯಿತು. ಕೂತಳು, ಇಳಿದಳು. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸರು ನಕ್ಕರು.

"ಅಜ್ಜಿ, ದೇವರಿರೋದು ಮೇಲೆ."

"ಗೊತ್ತು ಕಣವ್ವ. ಅವನೆಲ್ಲೂ ಹೋಗಲ್ಲ."

ಗಣೇಶನ ಹಬ್ಬದ ಹೊತ್ತಿಗೆ ಇನ್ನೂರು ಮೆಟ್ಟಿಲಾಯಿತು. ಆಮೇಲೆ ಮಂಡಿ ಊದಿ ಒಂದು ವಾರ ಮನೆಯಲ್ಲೇ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಂಡಳು. ಮತ್ತೆ ಹೊರಟಾಗ ನೂರಕ್ಕೇ ಉಸಿರು ಮುಗಿಯಿತು. ಬೇಸರ ಮಾಡಿಕೊಳ್ಳದೆ ನೂರರಿಂದಲೇ ಹಿಡಿದಳು. ಬರಿಗೈಯಲ್ಲಿ ಒಂದು ದಿನ ತುದಿ ಮುಟ್ಟಿದಳು. ಆದರೆ ತುಂಬಿದ ಬಿಂದಿಗೆ ಹೊತ್ತು ಮುನ್ನೂರು ದಾಟಲು ಆಗಲೇ ಇಲ್ಲ. ಅಷ್ಟರಲ್ಲಿ ಕಾರ್ತಿಕ ಬಂತು.

ಆ ಸೋಮವಾರ ಅಭಿಷೇಕ ಆಗುವವರೆಗೆ ಊರಲ್ಲಿ ಯಾರೂ ಉಣ್ಣುವುದಿಲ್ಲ. ಸೊಸೆ ಮೆಲ್ಲಗೆ, "ಅಂಬಲಿ ಮನೆಯಲ್ಲೇ ಕುಡಿದುಬಿಡಿ ಅತ್ತೆ, ಯಾರಿಗೆ ಗೊತ್ತಾಗುತ್ತೆ?" ಎಂದಳು.

"ಕದ್ದು ಕುಡಿದ್ರೆ ಅದು ತಪ್ಪಾಗುತ್ತೆ," ಎಂದಳು ಪುಟ್ಟಗೌರಮ್ಮ.

ಕೊಳದ ಮೆಟ್ಟಿಲ ಮೇಲೆ, ನೆರೆದ ಊರಿನ ಎದುರಿಗೇ ಕೂತು ಒಂದು ಚೊಂಬು ಅಂಬಲಿ ಕುಡಿದಳು. ಗುಂಪಿನಲ್ಲಿ ಗುಸುಗುಸು ಎದ್ದಿತು. ಮಾದಯ್ಯ ಮುಂದೆ ಬಂದ.

"ಉಂಡ ಬಾಯಲ್ಲಿ ದೇವರ ನೀರಾ ಅತ್ತಿಗಮ್ಮ?"

"ನೀರು ಹೊರೋದು ಬಾಯಲ್ಲಲ್ಲ ಮಾದಯ್ಯ, ಕಾಲಲ್ಲಿ. ಈ ನೀರು ಅವನ ತಲೆ ಮೇಲೆ ಬೀಳಬೇಕು, ದಾರೀಲಲ್ಲ. ತಪ್ಪು ಅನ್ನಿಸಿದ್ರೆ ಮೇಲಿರೋನೇ ಬಾಗಿಲು ಹಾಕ್ಕೊಳ್ಳಲಿ. ನೀನು ದಾರಿ ಬಿಡು."

ಬಿಂದಿಗೆ ತುಂಬಿ ಸೊಂಟಕ್ಕಿಟ್ಟು ಹೊರಟಳು. ಹೆಜ್ಜೆಗೊಂದು ನಾಮ. ಇನ್ನೂರರಲ್ಲಿ ಒಮ್ಮೆ ಕೂತಳು. ಮುನ್ನೂರ ಹತ್ತರಲ್ಲಿ ನಾಮ ತುಂಡಾಯಿತು. ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೇರೆ ದಿನವಾಗಿದ್ದರೆ ಇಳಿಯುತ್ತಿದ್ದಳು, ಇವತ್ತು ಇಳಿಯುವಂತಿರಲಿಲ್ಲ. ಹಿಂದೆಯೇ ಬಂದ ಮಾದಯ್ಯ ಕೈ ಚಾಚಿ, "ಸಾಕು, ಕೊಡಿ ಇಲ್ಲಿ. ಯಾರೂ ಏನೂ ಅನ್ನಲ್ಲ," ಎಂದ.

ಕೊಟ್ಟರೆ ಅಲ್ಲಿಗೆ ಸರದಿ ಮುಗಿಯಿತು. ಮಾತಾಡಲು ಉಸಿರಿರಲಿಲ್ಲ. ಇಲ್ಲವೆಂದು ತಲೆಯಾಡಿಸಿ ಬಿಂದಿಗೆಯನ್ನು ಇನ್ನಷ್ಟು ತಬ್ಬಿಕೊಂಡಳು. ಮತ್ತೆ ನಾಮ ಬಾಯಿಗೆ ಬಂದಾಗ ಎದ್ದಳು. ಮುಂದೆ ಐದು ಸಲ ಕೂತಳು, ಐದು ಸಲ ಎದ್ದಳು. ಹಸಿದ ಊರು ಕಾಯಿತು. ಬಿಸಿಲು ನೆತ್ತಿಗೆ ಬಂದಾಗ ತುದಿ ಮುಟ್ಟಿದಳು.

ಗುಡಿಯ ಬಾಗಿಲಲ್ಲಿ ನಿಂತಿದ್ದ ಶಿವನಂಜಯ್ಯ ಎಲ್ಲರಿಗೂ ಕೇಳುವ ಹಾಗೆ, "ಯಾವ ಮನೆ ನೀರು?" ಎಂದು ಕೇಳಿದರು.

"ಪುಟ್ಟಗೌರಮ್ಮನ ಮನೇದು," ಎಂದು ಅವಳೇ ಹೇಳಿದಳು. ಅವರು ಎರಡೂ ಕೈಯಲ್ಲಿ ಬಿಂದಿಗೆ ತೆಗೆದುಕೊಂಡು ಒಳಗೆ ಹೋಗಿ ಲಿಂಗದ ಮೇಲೆ ಸುರಿದರು.

ಮರುದಿನ ಬೆಳಿಗ್ಗೆ ಮಾದಯ್ಯ ಹಲ್ಲುಜ್ಜುತ್ತಾ ನಿಂತಿದ್ದ. ಪುಟ್ಟಗೌರಮ್ಮ ಬರಿಗೈಯಲ್ಲಿ ಬೆಟ್ಟದ ಕಡೆ ಹೊರಟಿದ್ದಳು.

"ಸರದಿ ಮುಗೀತಲ್ಲ ಅತ್ತಿಗಮ್ಮ, ಇನ್ನೂ ಯಾಕೆ?"

"ಸರದಿ ಮನೇದು. ಕಾಲು ನಂದು," ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, "ಬರೋದಾದ್ರೆ ಉಂಡು ಬಾ," ಎಂದಳು.

ನೀತಿ: ವಯಸ್ಸಾಯಿತು ಎಂದು ಊರು ಹೇಳಿದ ಮಾತ್ರಕ್ಕೆ ಕಾಲು ಮಡಚಿ ಕೂರಬೇಡಿ. ಹೋದ ಬಲ ಒಂದೇ ದಿನದ ಹಠಕ್ಕೆ ಬರುವುದಿಲ್ಲ, ದಿನದಿನದ ಹಠಕ್ಕೆ ಬರುತ್ತದೆ. ದೇವರು ಕೊಟ್ಟ ದೇಹವನ್ನು ಹಸಿವಿನಿಂದ ಕೆಡವುವುದು ಭಕ್ತಿಯಲ್ಲ. ಅದನ್ನು ಸಾಕಿ, ಅದರ ಉಸಿರು ಕೇಳಿ, ಕೊನೆಯವರೆಗೂ ನಡೆಸುವುದೇ ಭಕ್ತಿ.